ಬೀಗ ಬದಲಿಸಿದ್ರಿ, ಇನ್ನೊಂದು ಕೀಲಿ ಯಾರ ಹತ್ರ ಇದೆ?

ನಮ್ಮ ಹೊಸಪೇಟೆ ಕಡೆಯವರ ಪಾಸ್‌ವರ್ಡ್ ಊಹಿಸೋಕೆ ಹ್ಯಾಕರೇ ಬೇಕಂತಿಲ್ಲ. ಊರಿನ ಹೆಸರು, ಅದರ ಬಾಲಕ್ಕೆ 123. ಇಲ್ಲಾಂದ್ರೆ ಪಿನ್‌ಕೋಡ್ 583201. ಸ್ವಲ್ಪ ಜಾಣರಾದ್ರೆ ಕೆಎ 35ರಿಂದ ಶುರುವಾಗೋ ಬೈಕ್ ನಂಬರ್. ಅದು ಬೈಕಿನ ಹಿಂದೇನೇ ಬರೆದಿರುತ್ತೆ, ಸ್ಟೇಷನ್ ರೋಡಿನಲ್ಲಿ ನಿಂತವರೆಲ್ಲ ಓದಬಹುದು!

ಇಂಥ ಪಾಸ್‌ವರ್ಡ್ ಬದಲಿಸಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ.

ಕಂಪ್ಲಿಯಲ್ಲಿರೋ ನನ್ನ ಚಿಕ್ಕಪ್ಪನ ಮಗಳು ಹೋದ ವರ್ಷ ಫೋನ್ ಮಾಡಿದ್ಲು. "ಅಣ್ಣ, ಪಾಸ್‌ವರ್ಡ್ ಎರಡು ಸಲ ಬದಲಿಸೀನಿ. ವಾರದೊಳಗೆ ಯಾರೋ ಮತ್ತೆ ಬದಲಿಸ್ತಾರೆ. ನನ್ನ ಫೋಟೊ ಎಲ್ಲ ಅದರಾಗೇ ಅದಾವು. ಅಪ್ಪಂಗೆ ಹೇಳಿದ್ರೆ ಫೋನೇ ಕಸ್ಕಂತಾರೆ." ಅಕೌಂಟ್ ಮಾಡಿಸಿದ್ದು ಪಿಯುಸಿ ಮುಗಿದಾಗ, ಸಿಇಟಿ ಅರ್ಜಿ ತುಂಬಿಸೋಕೆ ಹೋಗಿದ್ದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ. ವಿಡಿಯೊ ಕಾಲ್‌ನಲ್ಲಿ ಸೆಟ್ಟಿಂಗ್ಸ್ ತೆಗೆಸಿ ನೋಡಿದೆ. ರಿಕವರಿ ಫೋನ್ ಜಾಗದಲ್ಲಿ ಅವಳ ನಂಬರೇ ಇತ್ತು. ರಿಕವರಿ ಇಮೇಲ್ ಜಾಗದಲ್ಲಿ ಮಾತ್ರ ಸೆಂಟರಿನ ಇಮೇಲ್!

ವಿಷಯ ಇಷ್ಟೇ. 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿದರೆ ಗೂಗಲ್ ಆ ಇಮೇಲ್‌ಗೂ ಕೋಡ್ ಕಳಿಸಬಹುದು. ಆ ಇಮೇಲ್ ಯಾರ ಕೈಯಲ್ಲಿದೆಯೋ ಅವರಿಗೆ ನಿಮ್ಮ ಹೊಸ ಪಾಸ್‌ವರ್ಡ್ ಬೇಕಾಗೋದೇ ಇಲ್ಲ.

ಹಾಗಾಗಿ ಕೆಲಸ ಈ ಕ್ರಮದಲ್ಲಿ ಆಗಲಿ. ಮೊದಲು ನಿಮ್ಮ ಸ್ವಂತ ಫೋನಿನಲ್ಲಿ ಗೂಗಲ್ ಅಕೌಂಟ್ ತೆರೆದು ರಿಕವರಿ ಫೋನ್, ರಿಕವರಿ ಇಮೇಲ್ ಎರಡನ್ನೂ ನೋಡಿ, ಬೇರೆಯವರದ್ದಿದ್ದರೆ ತೆಗೆದುಹಾಕಿ. ಆಮೇಲೆ ಪಾಸ್‌ವರ್ಡ್ ಬದಲಿಸಿ. ಮೂರನೆಯದು, 'ನಿಮ್ಮ ಸಾಧನಗಳು' ಅನ್ನೋ ಪಟ್ಟಿ. ಮಾರಿದ ಫೋನು, ಹಳೆ ಆಫೀಸಿನ ಲ್ಯಾಪ್‌ಟಾಪು ಅಲ್ಲಿದ್ದರೆ ಸೈನ್‌ಔಟ್ ಮಾಡಿ. ನಾಲ್ಕನೆಯದು, ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮೇಲ್ ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗ್ತಾ ಇದೆಯಾ ನೋಡಿ. ಇದನ್ನ ಕಂಪ್ಯೂಟರಿನಲ್ಲಿ ತೆರೆದು ನೋಡೋದು ಸುಲಭ. ಕೊನೆಗೆ ಎರಡು ಹಂತದ ಪರಿಶೀಲನೆ ಆನ್ ಮಾಡಿ. ಒಂದು ಎಚ್ಚರಿಕೆ: ರಿಕವರಿ ವಿವರ ಬದಲಿಸಿದ ಮೇಲೂ ಗೂಗಲ್ ಒಂದು ವಾರದವರೆಗೆ ಹಳೆ ವಿಳಾಸಕ್ಕೆ ಕೋಡ್ ಕಳಿಸೋ ಅವಕಾಶ ಇಟ್ಟಿರಬಹುದು. ಆ ವಾರ ಭದ್ರತಾ ಸೂಚನೆಗಳ ಮೇಲೆ ಕಣ್ಣಿಡಿ. ತಂಗಿ ಹಾಗೇ ಮಾಡಿದ್ಲು, ಕಾಟ ನಿಂತಿತು.

ಹಾಗಾದ್ರೆ ಮೂರು ತಿಂಗಳಿಗೊಮ್ಮೆ ಬದಲಿಸ್ತಾ ಇರಬೇಕಾ? ಬೇಕಿಲ್ಲ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಈ ಪದ್ಧತಿ ಬೇಡ ಅಂದಿತು. ಪದೇ ಪದೇ ಬದಲಿಸು ಅಂದ್ರೆ ಜನ 123 ಇದ್ದದ್ದನ್ನ 124 ಮಾಡ್ತಾರೆ, ಅಷ್ಟೇ. ಸೋರಿಕೆಯ ಸುಳಿವು ಸಿಕ್ಕಾಗ ಮಾತ್ರ ತಡಮಾಡದೆ ಬದಲಿಸಬೇಕು. 2020ರಲ್ಲಿ ನಮ್ಮ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನಿಂದ ಸುಮಾರು ಎರಡು ಕೋಟಿ ಗ್ರಾಹಕರ ಮಾಹಿತಿ ಸೋರಿದ ಸುದ್ದಿ ಬಂದಿತ್ತು. ತರಕಾರಿ ತರಿಸಿದ ಅಕೌಂಟು ತಾನೇ, ಹೋದ್ರೆ ಹೋಗ್ಲಿ ಅನ್ನೋ ಹಾಗಿಲ್ಲ. ಅದೇ ಪಾಸ್‌ವರ್ಡ್ ಇಮೇಲಿಗೂ ಇಟ್ಟಿದ್ದರೆ? ಒಂದು ಕಡೆ ಸಿಕ್ಕಿದ್ದನ್ನ ಕಳ್ಳರು ನೂರು ಕಡೆ ಹಾಕಿ ನೋಡ್ತಾರೆ.

ಜನ ಬದಲಾದಾಗಲೂ ಪಾಸ್‌ವರ್ಡ್ ಬದಲಾಗಬೇಕು. ಹಂಪಿಯಲ್ಲಿ ಗೆಸ್ಟ್‌ಹೌಸ್ ನಡೆಸೋರು ವಿದೇಶಿ ಅತಿಥಿಗಳ ವಿವರ ತುಂಬೋಕೆ ಪಾಸ್‌ಪೋರ್ಟ್ ಪ್ರತಿ ತಗೊಳ್ತಾರೆ. ಅದು ಮೇಲ್‌ನಲ್ಲೇ ಉಳಿದಿರುತ್ತೆ. ಸೀಸನ್ ಮುಗಿದು ಕೌಂಟರಿನ ಹುಡುಗ ಬೇರೆ ಕಡೆ ಹೋದ ದಿನವೇ ಪಾಸ್‌ವರ್ಡ್ ಬದಲಿಸಿದರೆ ಆ ಅತಿಥಿಗಳಿಗೂ ಕ್ಷೇಮ. ಸಂಡೂರಿನ ಗಣಿ ಆಫೀಸುಗಳಲ್ಲಿ ಶಿಫ್ಟಿನವರೆಲ್ಲ ಒಂದೇ ಕಂಪ್ಯೂಟರ್ ಹಂಚಿಕೊಳ್ಳೋದಾದ್ರೆ ಸ್ವಂತ ಮೇಲನ್ನ ಅಲ್ಲಿ ತೆರೆಯದಿರೋದೇ ಒಳ್ಳೇದು.

ಇದೆಲ್ಲ ಭಯಸ್ಥರ ಕೆಲಸ, ಮುಚ್ಚಿಡೋಕೆ ನಮ್ಮ ಹತ್ರ ಏನಿದೆ ಅನ್ನೋರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಆ ಹಕ್ಕು ಕಂಪ್ಲಿಯ ಹುಡುಗಿಗೂ ಇದೆ. ಯಾರೋ ಅವಳ ಅಕೌಂಟಿಗೆ ನುಗ್ಗಿದರೆ ತಪ್ಪು ನುಗ್ಗಿದವರದ್ದು. ಫೋನ್ ಕಸಿದುಕೊಂಡರೆ ಮುಂದಿನ ಸಲ ಅವಳು ಯಾರಿಗೂ ಹೇಳಲ್ಲ, ಅಷ್ಟೇ.

ಊರಲ್ಲಿರೋ ಅಪ್ಪ, ಅಮ್ಮ, ತಂಗಿಯರ ಅಕೌಂಟುಗಳನ್ನ ಯಾರು ಮಾಡಿಕೊಟ್ಟಿದ್ದು ಅಂತ ಈ ಭಾನುವಾರ ಫೋನ್ ಮಾಡಿದಾಗ ಕೇಳಿ. ರಿಕವರಿ ಪುಟ ತೆಗೆಸಿ ಓದಿಸಿ. ಹೊಸ ಪಾಸ್‌ವರ್ಡನ್ನ ಮಾತ್ರ ಅವರೇ ಹಾಕ್ಲಿ, ನಿಮಗೂ ಹೇಳೋದು ಬೇಡ. ದುಡ್ಡು ಹೋಗಿದ್ದರೆ ಕಾಯದೆ 1930ಕ್ಕೆ ಕರೆ ಮಾಡಿ.