ಮನೆಯ ಜಗಲಿ: ಕಡತ ಎಲ್ಲರದು, ಗುರುತು ಯಾರದು?

ಹೋದ ಸಂಚಿಕೆಯಲ್ಲಿ ಹಪ್ಪಳ ಸಂಡಿಗೆಯ ಮಾತಾಡಿದವನು ಈ ಸಲ ಗಣಕಯಂತ್ರಕ್ಕೆ ಕೈಹಾಕಿದನೇಕೆ ಎಂದು ವಾಚಕರು ಹುಬ್ಬೇರಿಸಬಾರದು. ಐರೋಲಿ, ಮಹಾಪೆಗಳ ಕಚೇರಿಗಳಿಗೆ ಮಕ್ಕಳನ್ನು ಬುತ್ತಿ ಕಟ್ಟಿ ಕಳಿಸುವ ಮನೆಗಳು ನಮ್ಮಲ್ಲಿ ಹಲವಿವೆ. ಅವರ ಕಷ್ಟಸುಖವೂ ಜಗಲಿಯ ಮಾತೇ ಅಲ್ಲವೆ?

ಒಂದು ಶುಕ್ರವಾರ ರಾತ್ರಿ ನನ್ನ ತಂಗಿಯ ಮಗಳು ಐರೋಲಿಯಿಂದ ಹೊರಟು, ಠಾಣೆಯಲ್ಲಿ ಗಾಡಿ ಬದಲಿಸಿ, ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಮುಖ ಸಪ್ಪಗಿತ್ತು. “ಮಾಮಾ, ಸೋಮವಾರದಿಂದ ಲಿಯೋನನ್ನು ಬಿಟ್ಟುಬಿಡುತ್ತೇನೆ” ಎಂದಳು. ಲಿಯೋ ಎಂದರೆ ಯಾವನೋ ಹುಡುಗನಿರಬೇಕೆಂದು ನನ್ನ ಮನೆಯಾಕೆ ಒಗ್ಗರಣೆಯ ಸೌಟನ್ನು ಹಾಗೆಯೇ ಹಿಡಿದು ನಿಂತಳು.

ಹುಡುಗನಲ್ಲ, ಪ್ರೋಗ್ರಾಂ ಬರೆಯುವ ಒಂದು ಸಲಕರಣೆ. ಅಮೇರಿಕದ ಎಡ್ವರ್ಡ್ ರೀಮ್ ಎಂಬವರು ಕಟ್ಟಿದ್ದು, ಪೈಥಾನ್ ಭಾಷೆಯಲ್ಲಿದೆ, ಬೆಲೆಯಿಲ್ಲದೆ ಸಿಗುತ್ತದೆ. ಸಾವಿರಾರು ಸಾಲಿನ ಪ್ರೋಗ್ರಾಮನ್ನು ಅದು ಗ್ರಂಥದ ವಿಷಯಸೂಚಿಯಂತೆ ಶಾಖೆ, ಉಪಶಾಖೆಗಳಾಗಿ ತೋರಿಸುತ್ತದೆ. ಬೇಡವಾದ ಶಾಖೆಯನ್ನು ಮಡಚಿಡಬಹುದು. ಬೇಕಾದುದನ್ನಷ್ಟೇ ಬಿಚ್ಚಿ ನೋಡಬಹುದು. ಎರಡು ತಿಂಗಳು ಕುಳಿತು ಹುಡುಗಿ ತನ್ನ ಕೆಲಸವನ್ನೆಲ್ಲ ಹಾಗೆ ಜೋಡಿಸಿಕೊಂಡಿದ್ದಳು.

ತೊಡಕು ಬಂದುದು ಕಡತವನ್ನು ಉಳಿಸುವ ರೀತಿಯಲ್ಲಿ. ಅವಳು ಆರಿಸಿದ್ದ ರೀತಿಯ ಹೆಸರು ‘ಆ್ಯಟ್ ಫೈಲ್’. ಈ ಶಾಖೆ ಇಲ್ಲಿ ಆರಂಭ, ಇದು ಇಷ್ಟನೆಯ ಮಟ್ಟದ್ದು ಎಂಬ ಗುರುತಿನ ಸಾಲುಗಳನ್ನು ಲಿಯೋ ಆಗ ಕಡತದೊಳಗೇ ಬರೆದಿಡುತ್ತದೆ. ಅವು ಟಿಪ್ಪಣಿಯ ರೂಪದಲ್ಲಿರುವುದರಿಂದ ಪ್ರೋಗ್ರಾಂ ನಡೆಯುವುದಕ್ಕೆ ಏನೂ ಬಾಧಕವಿಲ್ಲ. ಆದರೆ ಅವಳ ತಂಡದಲ್ಲಿ ಆರು ಮಂದಿ. ಲಿಯೋ ಬಳಸುವವಳು ಇವಳೊಬ್ಬಳೇ. ಉಳಿದವರಿಗೆ ಆ ಸಾಲುಗಳು ಅಕ್ಕಿಯಲ್ಲಿನ ಕಲ್ಲಿನಂತೆ ಕಂಡವು. ಇವಳು ಒಂದು ಶಾಖೆಯನ್ನು ಮೇಲುಮಟ್ಟಕ್ಕೆ ತಂದರೆ ಸಾಕು, ಕೆಲಸ ಬದಲಾಗದಿದ್ದರೂ ಗುರುತಿನ ಸಾಲುಗಳು ಬದಲಾಗಿ, ಎಲ್ಲರ ತಿದ್ದುಪಡಿಗಳನ್ನು ಕೂಡಿಸಿಡುವ ಗಿಟ್‌ನಲ್ಲಿ ತಿದ್ದುಪಡಿಯಾಗಿ ಕಾಣಿಸಿಕೊಳ್ಳುತ್ತಿದ್ದವು. ಒಬ್ಬ ಪುಣ್ಯಾತ್ಮ ಕಸವೆಂದು ಕೆಲವು ಗುರುತುಗಳನ್ನು ಅಳಿಸಿಯೇ ಬಿಟ್ಟ. ಇವಳ ಶಾಖೆಗಳು ಚೆಲ್ಲಾಪಿಲ್ಲಿಯಾದವು. “ನಿನ್ನ ಗುರುತು ನಮ್ಮ ಕಡತದಲ್ಲಿ ಬೇಡ” ಎಂದು ಹಿರಿಯ ಸಹೋದ್ಯೋಗಿ ಎಲ್ಲರೆದುರು ಅಂದರಂತೆ.

“ಅವರು ಅಂದದ್ದರಲ್ಲಿ ತಪ್ಪೇನು? ಕಡತ ಎಲ್ಲರದಲ್ಲವೆ?” ಎಂದೆ. ಹುಡುಗಿಗೆ ಕಣ್ಣೀರೇ ಬಂದಿತು. “ನನ್ನ ಜೋಡಣೆ ನನ್ನದಲ್ಲವೆ, ಮಾಮಾ?” ಎಂದಳು. ಅದೂ ನಿಜವೆ. ಊಟವಾದ ಮೇಲೆ ಬೇರೆ ರೀತಿಗಳೇನಿವೆ ಎಂದು ಇಬ್ಬರೂ ಕುಳಿತು ನೋಡಿದೆವು.

ಒಂದು, ‘ಆ್ಯಟ್ ಆಟೋ’. ಕಡತ ತೆರೆದಾಗಲೆಲ್ಲ ಅದರಲ್ಲಿರುವುದನ್ನೇ ಓದಿ ಲಿಯೋ ಶಾಖೆಗಳನ್ನು ಹೊಸದಾಗಿ ಕಟ್ಟುತ್ತದೆ. ಗುರುತು ಬೀಳುವುದಿಲ್ಲ. ಆದರೆ ನಮ್ಮ ಮನಸ್ಸಿಗೆ ಬಂದಂತೆ ಮಾಡಿಕೊಂಡ ಜೋಡಣೆಯೂ ನಿಲ್ಲುವುದಿಲ್ಲ. ಇತರರು ಬರೆದು ತಿದ್ದುತ್ತಿರುವ ಕಡತವನ್ನು ಓದಿ ತಿಳಿಯಲು ಇದು ತಕ್ಕದ್ದು.

ಇನ್ನೊಂದು, ‘ಆ್ಯಟ್ ಕ್ಲೀನ್’. ಇದರಲ್ಲಿ ಜೋಡಣೆಯೆಲ್ಲ ಅವಳ ಸ್ವಂತ ಲಿಯೋ ಕಡತದಲ್ಲಿ ಉಳಿಯುತ್ತದೆ. ತಂಡದ ಕಡತಕ್ಕೆ ಹೋಗುವುದು ಶುದ್ಧ ಪ್ರೋಗ್ರಾಂ ಮಾತ್ರ. ಬೇರೆಯವರು ತಿದ್ದಿದ ಕಡತವನ್ನು ಮತ್ತೆ ತೆರೆದಾಗ, ತನ್ನಲ್ಲಿರುವ ಪ್ರತಿಯೊಡನೆ ಹೋಲಿಸಿ, ಹೊಸ ಸಾಲುಗಳನ್ನು ತಕ್ಕ ಶಾಖೆಗೆ ಲಿಯೋ ಸೇರಿಸುತ್ತದೆ. ಯಾವ ಶಾಖೆ ಬದಲಾಯಿತೆಂದು ಬೇರೆಯಾಗಿ ತೋರಿಸುತ್ತದೆ.

ಹಾಗಾದರೆ ‘ಆ್ಯಟ್ ಫೈಲ್’ ಕೆಟ್ಟದ್ದೇ? ಅಲ್ಲ. ತಂಡದವರೆಲ್ಲ ಲಿಯೋ ಬಳಸುವವರಾದರೆ ಅದೇ ಮೇಲು. ಒಬ್ಬರ ಜೋಡಣೆ ಎಲ್ಲರಿಗೂ ಸಿಗುತ್ತದೆ. ಲಿಯೋವಿನ ಮುಖ್ಯ ಕಡತಗಳಲ್ಲಿಯೇ ಅಂಥ ಗುರುತುಗಳಿವೆ. ಸಲಕರಣೆ ಎಷ್ಟು ಒಳ್ಳೆಯದೆಂಬುದಕ್ಕಿಂತ ಕಡತದಲ್ಲಿ ಕೈಯಾಡಿಸುವವರು ಯಾರೆಂಬುದನ್ನು ಮೊದಲು ಕೇಳತಕ್ಕದ್ದು.

ಶನಿವಾರ ಅವಳು ಒಂದು ಸಣ್ಣ ಕಡತವನ್ನು ‘ಆ್ಯಟ್ ಕ್ಲೀನ್’ಗೆ ತಿರುಗಿಸಿ, ಬೇರೊಂದು ಎಡಿಟರಿನಲ್ಲಿ ಎರಡು ಸಾಲು ಸೇರಿಸಿ ಪರೀಕ್ಷಿಸಿದಳು. ಒಂದು ಸಾಲು ಸರಿಯಾದ ಶಾಖೆಗೆ ಬಂದಿತು. ಇನ್ನೊಂದು ಸಾಲು ಎರಡು ಶಾಖೆಗಳ ಗಡಿಯಲ್ಲಿ ಬಿದ್ದು, ಪಕ್ಕದ ಮನೆ ಸೇರಿತು! ಗಡಿಯ ಸಾಲು ಯಾರದೆಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಅದನ್ನು ಕಣ್ಣಿಟ್ಟು ನೋಡಲೇಬೇಕು. ಇನ್ನೊಂದು ಎಚ್ಚರ: ಜೋಡಣೆ ಈಗ ಅವಳ ಲಿಯೋ ಕಡತದಲ್ಲಿ ಮಾತ್ರ ಇರುವುದರಿಂದ, ಅದರ ಒಂದು ಪ್ರತಿಯನ್ನು ಬೇರೆಡೆ ಜೋಪಾನವಾಗಿ ಇಡಬೇಕು. ಕಳೆದರೆ ಪ್ರೋಗ್ರಾಂ ಉಳಿದೀತು, ಎರಡು ತಿಂಗಳ ಶ್ರಮ ಉಳಿಯದು.

ಸೋಮವಾರ ರಾತ್ರಿ ಫೋನು ಮಾಡಿದಳು. “ಏನಂದರು?” ಎಂದೆ. “ಯಾರೂ ಏನೂ ಅನ್ನಲಿಲ್ಲ, ಮಾಮಾ. ಯಾರಿಗೂ ಗೊತ್ತೇ ಆಗಲಿಲ್ಲ!” ಎಂದು ನಕ್ಕಳು.

ನಮಗೆ ಇದೇನು ಹೊಸದಲ್ಲ. ಗಾಡಿಯಲ್ಲಿ, ಅಂಗಡಿಯಲ್ಲಿ ಮರಾಠಿ ಆಡುತ್ತೇವೆ. ಬಾಗಿಲು ದಾಟಿ ಒಳಗೆ ಬಂದೊಡನೆ ಕನ್ನಡ. ಹೊರಗಿನವರಿಗೆ ತೊಡಕಿಲ್ಲ, ಒಳಗಿನದು ಕೆಟ್ಟಿಲ್ಲ. ಆದರೆ ಒಳಗಿನದನ್ನು ಒಳಗಿನವರೇ ಕಾಯಬೇಕು. ಅದರ ಪ್ರತಿ ಬೇರೆ ಯಾರಲ್ಲಿಯೂ ಇರುವುದಿಲ್ಲ.