ಬೆಂಕಿ ಬಿಟ್ಟುಹೋದ ತುಂಡು ಕಾಡು

2019ರ ಡಿಸೆಂಬರ್ 20ರಂದು ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಕಾಳ್ಗಿಚ್ಚು, ಮುಂದಿನ ತಿಂಗಳು ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ದ್ವೀಪವನ್ನೇ ನುಂಗಿ ಹಾಕಿತು. ಸುಟ್ಟದ್ದು ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು. ಪಶ್ಚಿಮ ತುದಿಯ ಫ್ಲಿಂಡರ್ಸ್ ಚೇಸ್ ರಾಷ್ಟ್ರೀಯ ಉದ್ಯಾನದಲ್ಲಿ ಉಳಿದದ್ದು ಅತ್ಯಲ್ಪ. ಆ ಅತ್ಯಲ್ಪದ ಬಗ್ಗೆಯೇ ಇಲ್ಲಿ ಮಾತು.

ಎಂಥ ದೊಡ್ಡ ಬೆಂಕಿಯೂ ಕಾಡನ್ನು ಒಂದೇ ಸಮನೆ ಸುಡುವುದಿಲ್ಲ. ತೇವ ಹಿಡಿದ ಹಳ್ಳ, ಬರಿಬಂಡೆ, ಗಾಳಿ ದಿಕ್ಕು ಬದಲಿಸಿದ ಗಳಿಗೆ, ಇಬ್ಬನಿ ಬಿದ್ದ ರಾತ್ರಿ, ಇವುಗಳಿಂದಾಗಿ ಅಲ್ಲಲ್ಲಿ ತುಂಡು ತುಂಡಾಗಿ ಹಸಿರು ಉಳಿಯುತ್ತದೆ.

ಈ ತುಂಡುಗಳಿಂದ ಬೀಜ ಹರಡಿ ಕಾಡು ಮತ್ತೆ ಬೆಳೆಯುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದ ಪಶ್ಚಿಮದ ಡಗ್ಲಸ್ ಫರ್ ಕಾಡುಗಳ ಮಟ್ಟಿಗೆ ಅದು ನಿಜ. ಆ ಮರದ ಬೀಜ ಗಾಳಿಗೆ ಹಾರಿದರೂ ಹೆಚ್ಚಿನವು ತಾಯಿಮರದಿಂದ ನೂರಿನ್ನೂರು ಮೀಟರಿನೊಳಗೇ ಬೀಳುತ್ತವೆ. ಸುಟ್ಟ ಬಯಲಿನ ನಡುವೆ ನಾಲ್ಕು ಮರ ಉಳಿದಿಲ್ಲವೆಂದರೆ ಅಲ್ಲಿ ಎಷ್ಟೋ ವರ್ಷ ಸಸಿ ಹುಟ್ಟುವುದೇ ಕಷ್ಟ. ಕಾಂಗರೂ ದ್ವೀಪದ ನೀಲಗಿರಿ ಜಾತಿಯ ಮರಗಳಿಗೆ ಆ ಚಿಂತೆ ಅಷ್ಟಿಲ್ಲ. ತೊಗಟೆಯ ಅಡಿಯಲ್ಲೂ ಬುಡದ ಗಡ್ಡೆಯಲ್ಲೂ ಅಡಗಿದ ಮೊಗ್ಗುಗಳು, ಬೆಂಕಿ ಹೋದ ಕೆಲವೇ ವಾರಗಳಲ್ಲಿ ಕರಿಕಾಂಡದ ತುಂಬ ಚಿಗುರೊಡೆಯುತ್ತವೆ.

ಮರ ಚಿಗುರಿದರೆ ಕಾಡು ಬಂದಂತಾಯಿತೆ? ಅಲ್ಲಿನ ಬ್ಯಾಂಡಿಕೂಟನ್ನೇ ನೋಡಿ. ಹೆಗ್ಗಣದಷ್ಟು ದೊಡ್ಡದಿರುವ, ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಈ ಪ್ರಾಣಿ ಇರುಳೆಲ್ಲ ಮೂತಿ ತೂರಿಸಿ ನೆಲ ಕೆದಕುತ್ತದೆ. ಮಣ್ಣೊಳಗಿನ ಶಿಲೀಂಧ್ರ ತಿಂದು ಅದರ ಬೀಜಕಣಗಳನ್ನು ಹಿಕ್ಕೆಯಲ್ಲಿ ಬೇರೆಡೆ ಬಿಡುತ್ತದೆ. ಮರದ ಬೇರಿಗೆ ನೀರು, ಸಾರ ಒದಗಿಸುವುದರಲ್ಲಿ ಇಂಥ ಶಿಲೀಂಧ್ರಗಳದು ದೊಡ್ಡ ಪಾತ್ರ. ಸುಟ್ಟ ನೆಲದಲ್ಲಿ ಬ್ಯಾಂಡಿಕೂಟಿಗೆ ಮರೆಯಿಲ್ಲ. ಹಸಿರು ತುಂಡಿನಲ್ಲಿ ಬದುಕುಳಿದು, ಪೊದೆ ಬೆಳೆದಂತೆಲ್ಲ ಅದು ಹೊರಗೆ ಕಾಲಿಡಬೇಕು.

ಡನ್ನಾರ್ಟ್‌ನ ಪಾಡು ಇನ್ನೂ ಕಷ್ಟದ್ದು. ಇಲಿಯಂತೆ ಕಾಣುವ, ಕೀಟ ತಿನ್ನುವ ಈ ಪುಟ್ಟ ಜೀವಿಯ ಒಂದು ಪ್ರಭೇದ ಜಗತ್ತಿನಲ್ಲಿ ಈ ದ್ವೀಪದಲ್ಲಿ ಮಾತ್ರ ಇದೆ. ಅದರ ಗೊತ್ತಿದ್ದ ನೆಲೆಯಲ್ಲಿ ಶೇ 90ಕ್ಕೂ ಹೆಚ್ಚು ಸುಟ್ಟುಹೋಗಿತ್ತು. ಸುಡದೆ ಉಳಿದ ಜಾಗಗಳಲ್ಲಿ ಇಟ್ಟ ಕ್ಯಾಮೆರಾಗಳಲ್ಲಿ ಅದು ಕಂಡಾಗ ಹೋದ ಜೀವ ಬಂದಂತಾಯಿತು. ಆದರೆ ಅದೇ ಜಾಗಗಳಿಗೆ ಕಾಡುಪಾಲಾದ ಸಾಕುಬೆಕ್ಕುಗಳೂ ಬಂದಿದ್ದವು. ಬೆಂಕಿಯ ನಂತರ ಹಿಡಿದ 86 ಬೆಕ್ಕುಗಳನ್ನು ಪರೀಕ್ಷಿಸಿದಾಗ 7ರ ಹೊಟ್ಟೆಯಲ್ಲಿ 8 ಡನ್ನಾರ್ಟ್‌ಗಳ ಅವಶೇಷ ಸಿಕ್ಕಿತು. ಹಸಿರು ಉಳಿಯಿತೆಂದು ಕೈಕಟ್ಟಿ ಕೂತರೆ ಅದು ಬೇಟೆಯ ಬಲೆಯಾದೀತು. ದ್ವೀಪದ ವೆಸ್ಟರ್ನ್ ರಿವರ್ ಬಳಿಯ ಜಮೀನುದಾರರು ಮತ್ತು ಸಂರಕ್ಷಣಾ ಸಂಸ್ಥೆಗಳವರು ಇದನ್ನು ಬೇಗ ಅರಿತರು. ಮೊದಲು 13.8 ಹೆಕ್ಟೇರಿಗೆ ತುರ್ತು ಬೇಲಿ ಹಾಕಿ, ಆಮೇಲೆ ಸುಮಾರು 370 ಹೆಕ್ಟೇರ್‌ನ ಬೆಕ್ಕುನಿರೋಧಕ ಆವರಣ ಕಟ್ಟಿದರು.

ಬೆಂಕಿ ಆರಿಸುವವರಲ್ಲಿ ಒಂದು ರೂಢಿಯಿದೆ: ಸುಡದೆ ಉಳಿದ ತುಂಡುಗಳಿಂದ ಮತ್ತೆ ಕಿಡಿ ಹಾರೀತೆಂದು ಅವನ್ನೂ ತಾವೇ ಸುಟ್ಟುಬಿಡುವುದು. ಊರಿನ ಅಂಚಿನಲ್ಲಿ ಅದಕ್ಕೆ ಅರ್ಥವಿದೆ, ಪ್ರಾಣದ ಪ್ರಶ್ನೆ. ಆದರೆ ದಟ್ಟ ಕಾಡಿನ ನಡುವೆ ಅದೇ ರೂಢಿ ಮುಂದುವರಿಸುವುದು ಶುದ್ಧ ಅವಿವೇಕ. ಹೊಗೆ ಆರುವ ಮೊದಲೇ ಅಂಥ ತುಂಡುಗಳನ್ನು ನಕ್ಷೆಯಲ್ಲಿ ಗುರುತಿಸಿ ಕಾಯಬೇಕು. ಸಸಿ ನೆಡುವ ಸಮಾರಂಭವನ್ನು ಆಮೇಲೆ ಇಟ್ಟುಕೊಂಡರಾಯಿತು.