ಕಿತ್ತಳೆಯ ಗೌರವವೂ ಟೊಮ್ಯಾಟೊವಿನ ಪಾಡೂ

ರೋಗಿಯನ್ನು ನೋಡಲು ಆಸ್ಪತ್ರೆಗೆ ಹೋಗುವವರು ಕಿತ್ತಳೆ ಒಯ್ಯುತ್ತಾರೆಯೇ ಹೊರತು ಟೊಮ್ಯಾಟೊ ಒಯ್ದುದನ್ನು ನಾನು ಕಂಡಿಲ್ಲ. ಕೊಡಗಿನ ತೋಟಗಳು ರೋಗಕ್ಕೆ ಸಿಕ್ಕಿ ಕ್ಷೀಣಿಸಿದ ಮೇಲೆ ನಾಗಪುರದಿಂದ ಬರುವ ಕಿತ್ತಳೆಗೂ ಅದೇ ಮರ್ಯಾದೆ. ಟೊಮ್ಯಾಟೊವಾದರೋ ಹಿರಿಯರ ಬಾಯಲ್ಲಿ ಬರಿಯ ಚಪ್ಪರಬದನೆ. ಶ್ರಾದ್ಧದ ಅಡುಗೆಗೆ ಅದನ್ನು ಸೇರಿಸದ ಮನೆಗಳು ಈಗಲೂ ಇವೆ. ಈ ಮೇಲುಕೀಳು ವಿಚಾರದ ಮುಂದೆ ನಿಲ್ಲುವುದೇ ಎಂಬುದು ನನ್ನ ಪ್ರಶ್ನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ, 100 ಗ್ರಾಂ ಕಿತ್ತಳೆಯ ತಿರುಳಿನಲ್ಲಿ ‘ಸಿ’ ಅನ್ನಾಂಗ ಸುಮಾರು 43 ಮಿಲಿಗ್ರಾಂ; ಹಣ್ಣಾದ ಟೊಮ್ಯಾಟೊದಲ್ಲಿ ಸುಮಾರು 25. ಕಿತ್ತಳೆ ಗೆದ್ದಿತೆಂದು ಒಡನೆಯೇ ಹೇಳಬಹುದು. ಆದರೆ ಅಂಗಡಿಯವನು ತೂಗುವುದು ತಿರುಳನ್ನಲ್ಲ. ಕಾಲುಭಾಗದಷ್ಟು ತೂಕ ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಹೋಗುತ್ತದೆ. ಉಳಿದುದನ್ನು ಲೆಕ್ಕ ಹಾಕಿದರೆ 43 ಇದ್ದದ್ದು 32ಕ್ಕೆ ಇಳಿಯುತ್ತದೆ. ಟೊಮ್ಯಾಟೊದಲ್ಲಿ ಎಸೆಯುವುದು ತೊಟ್ಟು ಮಾತ್ರ. ಸಕ್ಕರೆಯ ಅಂಶವೂ ಅದರಲ್ಲಿ ಕಿತ್ತಳೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲ. ಅದಕ್ಕೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಎಂಬ ವಸ್ತು ನಮ್ಮ ಸಾಧಾರಣ ಕಿತ್ತಳೆಯಲ್ಲಿ ಹೆಸರಿಗೆ ಮಾತ್ರ. ಸುಣ್ಣದ ಅಂಶದಲ್ಲಿ ಮಾತ್ರ ಕಿತ್ತಳೆಯದೇ ಮೇಲುಗೈ, ಅದನ್ನು ಒಪ್ಪಬೇಕು.

ಇಷ್ಟಾಗಿಯೂ ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಟೊಮ್ಯಾಟೊವಿಗೆ ಒದಗಿರುವ ಗತಿಯೇನು? ಬೆಳಗಿನಿಂದ ಕುದಿದು ಕುದಿದು ಸಾರಿನ ಕೊಳಗದಲ್ಲಿ ಅದು ಬಣ್ಣವಾಗಿ ಉಳಿಯುತ್ತದೆ. ಎಣ್ಣೆಯೊಡನೆ ಬೆಂದರೆ ಲೈಕೋಪೀನ್ ದೇಹಕ್ಕೆ ಹೆಚ್ಚು ದಕ್ಕುತ್ತದೆಂಬುದು ನಿಜವೇ. ಆದರೆ ‘ಸಿ’ ಅನ್ನಾಂಗವು ಬಿಸಿಯನ್ನು ತಾಳದು. ವಯಸ್ಕ ಸ್ತ್ರೀಗೆ ದಿನಕ್ಕೆ 65, ಪುರುಷನಿಗೆ 80 ಮಿಲಿಗ್ರಾಂ ಬೇಕೆಂದು 2020ರಲ್ಲಿ ನಿಗದಿಯಾಗಿದೆ. ಬರಿಯ ಅನ್ನ ಸಾರಿನಿಂದ ಅದು ಬರುವಂತಿಲ್ಲ.

ಇದು ನಾಲಗೆಯ ರುಚಿಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ನಮ್ಮೊಡನೆ ಕುಳಿತು ಓದುವ ಸೋದರಿಯರು ಈ ಲೆಕ್ಕದ ಹೊರಗಿದ್ದಾರೆಂದು ಯಾರು ಹೇಳಬಲ್ಲರು? ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅದೇ ಊಟದಲ್ಲಿ ‘ಸಿ’ ಅನ್ನಾಂಗವಿದ್ದರೆ ನೆರವಾಗುತ್ತದೆ. ಊಟವಾದೊಡನೆ ಕುಡಿಯುವ ಚಹವು ಇದಕ್ಕೆ ಅಡ್ಡಿ. (ಚಹ ಬಿಡಿರೆಂದರೆ ನನ್ನ ಕೊಠಡಿಯವರೇ ನನ್ನನ್ನು ಹೊರಗೆ ಹಾಕಿಯಾರು, ಒಂದು ಗಂಟೆ ತಡೆದು ಕುಡಿಯಬಹುದಲ್ಲ!)

ಆದುದರಿಂದ ಮಧ್ಯಾಹ್ನದ ಊಟಕ್ಕೆ ಹಸಿ ಟೊಮ್ಯಾಟೊ ಬೇಕೆಂದು ನನ್ನ ವಾದ. ಹೆಸರುಬೇಳೆಯ ಕೋಸಂಬರಿಗೆ ಹೆಚ್ಚಿ ಹಾಕಲಿ, ಇಲ್ಲವೆ ಮೊಸರು ಬೆರೆಸಿ ಹಶಿ ಮಾಡಲಿ; ಹೆಚ್ಚಿಗೆ ಸೌದೆಯೂ ಬೇಡ, ಅನಿಲವೂ ಬೇಡ. ದಿನಕ್ಕೊಂದು ಕಿತ್ತಳೆ ಕೊಡಿರೆಂದು ಕೇಳಿದರೆ ಯಾವ ನಿಲಯದ ಮೇಲ್ವಿಚಾರಕರೂ ನಗುತ್ತಾರೆ. ಎರಡು ಹೋಳು ಟೊಮ್ಯಾಟೊ ಕೇಳಿದರೆ ನಗಲಾರರು. 2023ರ ಜುಲೈನಲ್ಲಿ ಆದಂತೆ ಕಿಲೋವಿಗೆ ನೂರು ರೂಪಾಯಿ ದಾಟಿದರೆ ಏನು ಮಾಡುವುದೆಂದು ಕೇಳುವವರುಂಟು. ಆಗ ನಿಂಬೆಯ ಹೋಳೊಂದು ಎಲೆಗೆ ಬೀಳಲಿ. ಮೇಳಿಗೆಯಿಂದ ಬರುವ ನಮ್ಮಂಥವರಿಗೆ ಚಳಿಗಾಲದಲ್ಲಿ ಇನ್ನೊಂದು ದಾರಿಯೂ ಇದೆ: ಅದೇ ಕೋಷ್ಟಕದಲ್ಲಿ 100 ಗ್ರಾಂ ನೆಲ್ಲಿಕಾಯಿಗೆ 252 ಮಿಲಿಗ್ರಾಂ ಎಂದಿದೆ. ಶನಿವಾರ ಊರಿಗೆ ಹೋದವರು ಸೋಮವಾರ ಒಂದು ಚೀಲ ತಂದರೆ ಇಡೀ ನಿಲಯಕ್ಕೆ ಹಂಚಬಹುದು.